ಮುಂದಿನ ನೊಗ

ಆ ಬೇಸಿಗೆ ಎಲ್ಲ ಕಟ್ಟೆಗಳ ಮೇಲೂ ಒಂದೇ ಮಾತು, ಕನ್ನಡ ನಾಡೆಲ್ಲ ಒಂದಾಗುತ್ತದಂತೆ. ಆದರೆ ಕುರ್ತಕೋಟಿಯ ಎರೆಹೊಲದಲ್ಲಿ ನಾಲ್ಕು ಜೋಡಿ ಎತ್ತು ಮಾತ್ರ ಒಂದಾಗಲೊಲ್ಲವು.

ಕರಿಕೆ ಹುಲ್ಲಿನ ಬೇರು ಕೀಳುವ ಕಬ್ಬಿಣದ ದೊಡ್ಡ ನೇಗಿಲು ಒಂದು ಮನೆಯ ಎತ್ತಿಗೆ ಜಗ್ಗುವಂಥದ್ದಲ್ಲ. ನಾಲ್ಕು ಮನೆಯವರು ಎತ್ತು ಕೂಡಿಸಿ ಸರದಿಯ ಮೇಲೆ ಹೊಲ ಹೊಡೆಯುತ್ತಿದ್ದರು. ಐದನೆಯ ಸರದಿ ಹುಚ್ಚವ್ವನದು. ಗಂಡನ ಹಿಂದೆಯೇ ಒಂದೆತ್ತೂ ಹೋಗಿ ಆಕೆಗೆ ಉಳಿದದ್ದು ಒಂಟಿ ಮುದಿ ಎತ್ತು. ಎತ್ತಿನ ಬದಲು ಎಲ್ಲರಿಗೂ ರೊಟ್ಟಿ ಹೊರುತ್ತಿದ್ದಳು. ಮಳೆ ಬರುವುದರೊಳಗೆ ಹೊಲ ಹೊಡೆಯದಿದ್ದರೆ ಈ ವರ್ಷವೂ ಆಕೆಗೆ ಕರಿಕೆಯೇ ಬೆಳೆ.

ಒಂದರ ಹಿಂದೊಂದು ಕಟ್ಟುವ ನಾಲ್ಕು ನೊಗಗಳಲ್ಲಿ ಮುಂದಿನ ನೊಗಕ್ಕೆ ಮರ್ಯಾದೆ ಹೆಚ್ಚು. ಅದಕ್ಕಾಗಿ ಆ ನಾಲ್ಕು ಮನೆಯವರಲ್ಲಿ ಕೊಟ್ರಪ್ಪ, ಫಕ್ಕೀರಪ್ಪ ಅರ್ಧ ದಿನ ಕಚ್ಚಾಡಿದರು. ಕೊಟ್ರಪ್ಪ ಗೆದ್ದ, ನೇಗಿಲು ಸೋತಿತು. ಹತ್ತು ಮಾರು ಹೋಗಿ ನಿಲ್ಲುವುದು, ಮತ್ತೆ ಬೈಗುಳ. ನಾಲ್ಕು ದಿನಕ್ಕೆ ಎರಡೆಕರೆಯೂ ಆಗಲಿಲ್ಲ.

ಬನ್ನಿಗಿಡದ ನೆರಳಲ್ಲಿ ಕುಳಿತ ಹುಚ್ಚವ್ವನಿಗೆ ಅದರ ಮರ್ಮ ಕಂಡಿತು. ಬಾಯಿಬಿಟ್ಟರೆ ತನ್ನ ಸರದಿಯೇ ಹೋದೀತೆಂದು ಅಂಜಿದಳು. ಸುಮ್ಮನಿದ್ದರೂ ಹೋಗುವುದು ಖರೆಯೇ. ಊಟಕ್ಕೆ ಕುಳಿತಾಗ ಅಂದೇಬಿಟ್ಟಳು:

"ಎತ್ತಿಗೇನೂ ಆಗಿಲ್ರಿ. ಭಾರ ಬಿದ್ದಕೂಡ್ಲೆ ಎಲ್ಲಾರೂ ತಮ್ಮ ತಮ್ಮ ಎತ್ತಿನ ಹಗ್ಗ ಹಿಂದ ಜಗ್ಗತೀರಿ. ಬ್ಯಾರೇದವರ ಎತ್ತು ದಣೀಲಿ ಅಂತ. ನಾಳಿಂದ ನಿಮ್ಮ ಎತ್ತು ಅವರು ಹೊಡೀಲಿ, ಅವರವು ನೀವು ಹೊಡೀರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವರಂತೆ ಒಬ್ಬರ ಮುಖ ಒಬ್ಬರು ನೋಡಿದರು. ನೇಗಿಲು ಹಿಡಿಯುವ ದೇವಪ್ಪ ಮೊದಲು ನಕ್ಕ. ಆಮೇಲೆ ಉಳಿದವರೂ ನಗಲೇಬೇಕಾಯಿತು.

ಮರುದಿನ ಕೊಟ್ರಪ್ಪನ ಎತ್ತು ಫಕ್ಕೀರಪ್ಪನ ಕೈಗೆ, ಫಕ್ಕೀರಪ್ಪನವು ಕೊಟ್ರಪ್ಪನ ಕೈಗೆ. ಮುಂದಿನ ನೊಗದಲ್ಲಿ ಎತ್ತು ಒಬ್ಬನವು, ನಡೆಸುವವನು ಇನ್ನೊಬ್ಬ. ಇಬ್ಬರ ಮರ್ಯಾದೆಯೂ ಉಳಿಯಿತು. ತನ್ನ ಎತ್ತು ಅವನ ಕೈಯಲ್ಲಿರುವಾಗ ಅವನ ಎತ್ತಿಗೆ ಬಾರಕೋಲು ಬೀಸುವ ಧೈರ್ಯ ಯಾರಿಗಿದೆ? ಹಿಂದಕ್ಕೆ ಜಗ್ಗುವ ಮನಸ್ಸೂ ಇಲ್ಲ. ನೇಗಿಲು ಸರಾಗವಾಗಿ ಸಾಗಿತು. ಸಂಜೆ ಫಕ್ಕೀರಪ್ಪನ ಎತ್ತಿನ ಮೈ ತಿಕ್ಕುತ್ತ ಕೊಟ್ರಪ್ಪ, "ಇದರ ಹೆಗಲು ಬಾತೈತಿ ನೋಡಲೇ, ಎಣ್ಣಿ ಹಚ್ಚು" ಎಂದು ಗದರಿಸಿದ್ದು ಕೇಳಿ ಹುಚ್ಚವ್ವನಿಗೆ ಹೊಟ್ಟೆ ತುಂಬಿದಂತಾಯಿತು.

ನಾಲ್ಕೂ ಹೊಲ ಮುಗಿದು ಆಕೆಯ ಸರದಿ ಬಂದ ದಿನ ಪಡುವಣದಲ್ಲಿ ಮೋಡ ಕೂಡಿತ್ತು. ರೊಟ್ಟಿ ಬುಟ್ಟಿ ಹೊತ್ತು ಬಂದವಳು ಬದುವಿನ ಮೇಲೇ ನಿಂತಳು. ಕೊಟ್ರಪ್ಪ ಮುಂದಿನ ನೊಗದಿಂದ ತನ್ನದೊಂದು ಎತ್ತು ಬಿಚ್ಚಿ, ಆಕೆ ರೊಟ್ಟಿ ಬಡಿಯುವಾಗಲೇ ಕೊಟ್ಟಿಗೆಯಿಂದ ಹೊಡೆದುಕೊಂಡು ಬಂದಿದ್ದ ಆಕೆಯ ಒಂಟಿ ಎತ್ತನ್ನು ಅಲ್ಲಿ ಕಟ್ಟುತ್ತಿದ್ದ.

"ಮಾವಾ, ಅದಕ್ಕ ವಯಸ್ಸಾಗೈತಿ. ಮುಂದ ಬ್ಯಾಡ."

"ಮುಂದಿನ ನೊಗಕ್ಕ ಭಾರ ಕಡಿಮಿ ಐತಿ, ಮಾನ ಜಾಸ್ತಿ," ಎಂದ ಕೊಟ್ರಪ್ಪ. "ಜಲ್ದಿ ಬಾ, ಹಗ್ಗ ಹಿಡಿ."

ಹುಚ್ಚವ್ವ ಬುಟ್ಟಿ ಇಳಿಸಿ ಸೆರಗು ಸಿಕ್ಕಿಸಿಕೊಂಡಳು.