ಹೊತ್ತು ಮುಳುಗಿದರೆ ಶುಕ್ರವಾರ

ಗೊಲ್ಲಾಳಪ್ಪನಿಗೆ ಪಂಚಾಂಗ ಓದಲು ಬರುತ್ತಿರಲಿಲ್ಲ. ಅವನ ಪಂಚಾಂಗವೆಂದರೆ ಸೊಂಟಕ್ಕೆ ಸಿಕ್ಕಿಸಿಕೊಂಡ ಒಂದು ಮೊಳ ಪುಂಡಿನಾರಿನ ಹುರಿ. ಹುಣ್ಣಿಮೆಯ ಮರುದಿನದಿಂದ ದಿನಕ್ಕೊಂದು ಗಂಟು ಹಾಕುತ್ತ ಹೋಗುತ್ತಿದ್ದ. ಒಂದು ಗಂಟು ಆಚೀಚೆಯಾದರೆ ಬೆಳಗಿನ ಜಾವದ ಸವೆದ ಚಂದ್ರನನ್ನು ನೋಡಿ ಸರಿಮಾಡಿಕೊಳ್ಳುತ್ತಿದ್ದ. ಹತ್ತನೆಯ ಗಂಟಿನವರೆಗೆ ಬಲೆ ಮುಟ್ಟುತ್ತಿರಲಿಲ್ಲ. ಬೆಳದಿಂಗಳಲ್ಲಿ ಬಲೆಯನ್ನು ಕಂಡ ಮೀನು ಹಿಂದಕ್ಕೆ ತಿರುಗುತ್ತದೆ, ಅದನ್ನು ಕಾಯುತ್ತ ಕುಳಿತವನು ಬರೀ ಚಳಿ ತಿಂದು ಮನೆಗೆ ಬರುತ್ತಾನೆ ಎನ್ನುತ್ತಿದ್ದ. ಹತ್ತನೆಯ ಗಂಟಿನ ನಂತರದ ಕತ್ತಲ ರಾತ್ರಿಗಳು ಅವನವು. ಅಮಾವಾಸ್ಯೆಯ ದಿನ ಮಾತ್ರ ಹೊಳೆಗಿಳಿಯುತ್ತಿರಲಿಲ್ಲ.

ಚಂದ್ರನ ಲೆಕ್ಕದ ಮೇಲೆ ಮಳೆಯ ಲೆಕ್ಕ. ಮೃಗಶಿರ ಮಳೆಗೆ ಹೊಸ ನೀರು ಬಂದಾಗ ಮೀನು ಕೃಷ್ಣೆಯಿಂದ ಡೋಣಿ ಹೊಳೆಗೆ ಏರಿ ಬರುತ್ತದೆ. ಉತ್ತರಾ ಮಳೆ ಮುಗಿದು ನೀರು ಇಳಿಯುವಾಗ ತಿರುಗಿ ಕೃಷ್ಣೆಯ ಕಡೆ ಹೋಗುತ್ತದೆ. ಹಾಗೆ ಹೋಗುವ ಮೀನು ಕೊಬ್ಬಿರುತ್ತದೆ. ಆದರೆ ಅದೇ ಹೊತ್ತಿಗೆ ಮಾನೌಮಿ ಹಬ್ಬ ಬರುತ್ತದೆ. ದೇವಿಯ ಘಟ್ಟ ಹಾಕಿದ ಮನೆಗಳಲ್ಲಿ ಒಂಬತ್ತು ದಿನ ಮೀನು ಮುಟ್ಟುವುದಿಲ್ಲ. ಹೀಗಾಗಿ ಮಾನೌಮಿ ಅಮಾವಾಸ್ಯೆಯ ಹಿಂದಿನ ರಾತ್ರಿ ಎಂದರೆ ವರ್ಷದಲ್ಲೇ ಒಂದು ರಾತ್ರಿ. ಆ ರಾತ್ರಿ ಜ್ವರ ಬಂದರೂ ಗೊಲ್ಲಾಳಪ್ಪ ಹೊಳೆಯಲ್ಲೇ ಇರುತ್ತಿದ್ದ.

ಇನ್ನೊಂದು ಮಾತು. ಅವನು ಹೊಳೆಯಲ್ಲಿರುವಾಗ ದಂಡೆಯ ಮೇಲೆ ಯಾರೂ ಬೆಳಕು ತೋರಿಸಬಾರದು. ತಾನೂ ಬೀಡಿ ಹಚ್ಚುತ್ತಿರಲಿಲ್ಲ. ಒಮ್ಮೆ ಪಾಪ, ಹೊಲ ಕಾಯುವ ಮುದುಕನೊಬ್ಬ ಕಂದೀಲು ಹಿಡಿದು ದಂಡೆಗುಂಟ ಹೊರಟಿದ್ದ. ಗೊಲ್ಲಾಳಪ್ಪ ಬಲೆ ಬಿಟ್ಟು, ಮಡು ಈಜಿ ಬಂದು, ಆ ಕಂದೀಲನ್ನು ಬಂಡೆಗಲ್ಲಿಗೆ ಬಡಿದು ಒಡೆದು, ಮತ್ತೆ ಈಜಿಕೊಂಡು ಹೋಗಿ ಕುಳಿತಿದ್ದ. ಮರುದಿನ ಮುದುಕನಿಗೆ ಎರಡು ಬಾಳೆಮೀನು ಕೊಟ್ಟು ಕೈಮುಗಿದಿದ್ದೂ ಉಂಟು.

ಅವನ ಹೆಂಡತಿ ಪರಸವ್ವ. ಮೀನು ಸಿಕ್ಕ ದಿನ ಮುಂಜಾನೆಯ ಬಸ್ಸಿಗೆ ಬಬಲೇಶ್ವರದಿಂದ ಬುಟ್ಟಿ ಹೊತ್ತು ವಿಜಾಪುರಕ್ಕೆ ಬಂದು ಸ್ಟೇಷನ್ ರಸ್ತೆಯ ಬೇವಿನ ಮರದ ಕೆಳಗೆ ಕೂರುತ್ತಿದ್ದಳು. ಪಕ್ಕದಲ್ಲಿ ನಿಂಬೆಹಣ್ಣು ಮಾರುವ ಬಾನುಬಿ. ಮೀನು ಕೊಂಡವರು ನಿಂಬೆಹಣ್ಣು ಕೊಳ್ಳದೆ ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಂಬತ್ತು ವರ್ಷದಿಂದ ಒಂದೇ ನೆರಳಿನಲ್ಲಿ ಕುಳಿತವರು.

ಬಾನುಬಿಯ ಅಣ್ಣ ಲಾಡಲೇಸಾಬ ಟಿಕೋಟಾದ ಆಚೆಯ ಒಂದು ಹಳ್ಳಿಯವನು. ಡೋಣಿ ಆ ಕಡೆಯಿಂದಲೇ ಹರಿದು ಬರುತ್ತದೆ. ಮೇಲೆ ಎಲ್ಲೋ ಮಳೆ ಬಿದ್ದರೆ, ಇಲ್ಲಿ ಆಕಾಶ ತಿಳಿಯಾಗಿದ್ದಾಗಲೇ ಹೊಳೆ ತುಂಬಿ ಬರುತ್ತದೆ. ಅದಕ್ಕಾಗಿ ಮೇಲಿನ ನೀರಿನ ಸುದ್ದಿಯನ್ನು ಲಾಡಲೇಸಾಬ ತಂಗಿಗೆ ಮುಟ್ಟಿಸುವುದು, ಬಾನುಬಿ ಪರಸವ್ವನಿಗೆ ಹೇಳುವುದು, ಪರಸವ್ವ ಗಂಡನಿಗೆ ಹೇಳುವುದು ನಡೆದುಬಂದಿತ್ತು. ಅರವತ್ತೆರಡನೇ ಇಸವಿಯ ಆ ಮಂಗಳವಾರದವರೆಗೆ ಒಂದು ಸುದ್ದಿಯೂ ತಪ್ಪಿರಲಿಲ್ಲ.

ಆ ಮಂಗಳವಾರ ಬಾನುಬಿ ಹೇಳಿದಳು: "ನಮ್ಮಣ್ಣ ಬಂದಿದ್ದ. ಅವರೂರ ಕೆರಿ ತುಂಬಿ ಒಡ್ಡು ಜಿನುಗಾಕತ್ತೈತಂತ. ತಾನ ಒಡದ್ರ ಊರ ಮ್ಯಾಲ ಬರ್ತೈತಿ. ಅದಕ್ಕ ಶುಕ್ರವಾರ ರಾತ್ರಿ ಹಿರೇರೆಲ್ಲ ಕೂಡಿ ಹೊಳಿ ಕಡೆ ಒಡ್ಡು ಕಡೀತಾರಂತ. ನಿನ್ನ ಗಂಡಗ ಹೇಳು, ಆ ರಾತ್ರಿ ಡೋಣ್ಯಾಗ ಇರಬ್ಯಾಡಂತ."

ಪರಸವ್ವ ಹೇಳಿದಳು. ಗೊಲ್ಲಾಳಪ್ಪ ಹುರಿ ತೆಗೆದು ಗಂಟು ಮುಟ್ಟಿ ನೋಡಿ ನಕ್ಕ.

"ಶುಕ್ರಾರ ಮಾನೌಮಿ ಅಮಾಸಿ ಐತಿ. ಅವತ್ತ ನಾ ಯಾಕ ಹೊಳ್ಯಾಗ ಇರ್ತೇನಿ? ಬ್ಯಾಸ್ತಾರ ರಾತ್ರಿ ನಂದು, ಶುಕ್ರಾರ ರಾತ್ರಿ ಅವರದು. ಬೇಕಾದ್ರ ಎರಡು ಕೆರಿ ಕಡೀಲಿ ಅಂತ ಹೇಳು ನಿನ್ನ ಬಾನುಬಿಗೆ."

ಆ ಬ್ಯಾಸ್ತಾರ, ಗುರುವಾರ, ಮಧ್ಯಾಹ್ನ ನಾಲ್ಕು ದಾಟಿತ್ತು. ಬಬಲೇಶ್ವರದ ಬಸ್ಸು ಆಗಷ್ಟೇ ಹೋಗಿತ್ತು. ಬುಟ್ಟಿಯಲ್ಲಿ ಇನ್ನೂ ನಾಲ್ಕು ಮೀನು ಉಳಿದಿದ್ದರಿಂದ ಪರಸವ್ವ ಏಳು ಗಂಟೆಯ ಬಸ್ಸಿಗೆ ಹೋದರಾಯಿತೆಂದು ಕುಳಿತಿದ್ದಳು. ಪಕ್ಕದಲ್ಲಿ ಬಾನುಬಿ ನಿಂಬೆಹಣ್ಣನ್ನು ಚೀಲಕ್ಕೆ ತುಂಬತೊಡಗಿದಳು.

"ಯಾಕ ಬೇ, ಇಷ್ಟ ಲಗೂನ ಹೊಂಟಿ?"

"ಜುಮ್ಮೆರಾತ ಅಲ್ಲೇನ ಇವತ್ತ? ಮನ್ಯಾಗ ಊದಿನ ಹೊಗಿ ಹಾಕಬೇಕು. ಅಲ್ಲಿ ಅಣ್ಣನ ಊರಾಗೂ ಅಷ್ಟ, ಒಡ್ಡಿನ ಮ್ಯಾಲಿನ ದರ್ಗಾದಾಗ ಫಾತೇಹಾ ಓದಿ ಕೆರಿ ಕಡ್ಯಾಕ ನಿಂದರ್ತಾರ."

"ಕೆರಿ ಕಡ್ಯೂದು ನಾಳಿ ಅಂದಿದ್ದೆಲ್ಲ?"

"ನಾಳಿ ಅಂತ ಯಾವಾಗ ಅಂದೆ? ಶುಕ್ರವಾರ ರಾತ್ರಿ ಅಂದೆ."

"ಇವತ್ತ ಬ್ಯಾಸ್ತಾರ ಐತಿ ಬೇ, ನಿನಗ ಅರವತ್ತು ಹತ್ತಿತು!"

"ಹಗಲು ಬ್ಯಾಸ್ತಾರ. ಹೊತ್ತು ಮುಳುಗಿದ್ರ ಶುಕ್ರವಾರ ಹತ್ತಿತಲ್ಲ. ನಮಗ ರಾತ್ರಿ ಮೊದಲ, ಹಗಲು ಆಮ್ಯಾಲೆ. ಅಣ್ಣ ಜುಮ್ಮೆ ಕಿ ರಾತ ಅಂದ, ನಾ ನಿನಗ ತಿಳೀಲಂತ ಕನ್ನಡದಾಗ ಶುಕ್ರವಾರ ರಾತ್ರಿ..."

ಬಾನುಬಿಯ ಕೈಯಲ್ಲಿದ್ದ ನಿಂಬೆಹಣ್ಣು ಉರುಳಿ ರಸ್ತೆಗೆ ಹೋಯಿತು. ಇಬ್ಬರಿಗೂ ಇನ್ನೊಬ್ಬರ ಸೊಸೆಯಂದಿರ ಸ್ವಭಾವ ಗೊತ್ತಿತ್ತು, ಮಂಡಿನೋವು ಗೊತ್ತಿತ್ತು. ನಿನ್ನ ಶುಕ್ರವಾರ ಯಾವಾಗ ಹುಟ್ಟುತ್ತದೆ ಎಂದು ಮಾತ್ರ ಯಾರೂ ಯಾರನ್ನೂ ಕೇಳಿರಲಿಲ್ಲ.

"ಅಂವ ಹೊಳಿಗೆ ಹೋಗ್ಯಾನೇನ?"

"ಹೊತ್ತು ಮುಳುಗೂದರಾಗ ಬಲಿ ಕಟ್ಟಿ ಕುಂಡ್ರತಾನ. ನಡುಹೊಳಿ ಬಂಡಿ ಮ್ಯಾಲ. ಇವತ್ತ ಬಿಡಂಗಿಲ್ಲ ಬಾನುಬಿ, ಇವತ್ತ ಬಿಡಂಗಿಲ್ಲ."

ಏಳರ ಬಸ್ಸು ಹಿಡಿದರೆ ಬರೀ ಹೆಣ ನೋಡಲು ಹೋದಂತಾಗುತ್ತಿತ್ತು. ಕೆರೆ ಕಡಿದ ಎರಡು ತಾಸಿನೊಳಗೆ ನೀರು ಆ ಬಂಡೆಗೆ ಬರುತ್ತದೆಂದು ಗೊಲ್ಲಾಳಪ್ಪನೇ ಎಷ್ಟೋ ಸಲ ಹೇಳಿದ್ದ. ಇಬ್ಬರೂ ಬುಟ್ಟಿ, ಚೀಲ ಅಲ್ಲೇ ಬಿಟ್ಟು ರೇಲ್ವೆ ಸ್ಟೇಷನ್ನಿನ ಕಡೆ ಓಡಿದರು. ಗೂಡ್ಸ್ ಶೆಡ್ಡಿನ ಹತ್ತಿರ ಉಪ್ಪಿನ ಚೀಲ ಹೇರುತ್ತಿದ್ದ ಒಂದು ಲಾರಿ ಬಬಲೇಶ್ವರಕ್ಕೆ ಹೋಗುವುದಿತ್ತು. ಡ್ರೈವರ್ ಭಾಗಪ್ಪ ಇನ್ನೂ ಅರ್ಧ ಲೋಡು ಇದೆ ಎಂದ. ಆ ಅರ್ಧ ಲೋಡು ಮುಗಿಯುವವರೆಗೆ ಪರಸವ್ವ ನೆರಳು ಉದ್ದವಾಗುವುದನ್ನೇ ನೋಡುತ್ತ ನಿಂತಳು. ಹಮಾಲರು ಒಮ್ಮೆ ಎಲೆ ಅಡಿಕೆ ಹಾಕಿಕೊಳ್ಳಲು ಕುಳಿತಾಗ ಅವಳೇ ಹೋಗಿ ಒಂದು ಚೀಲದ ತುದಿ ಹಿಡಿದು ಎಳೆದಳು. ಅವರು ನಗುತ್ತ ಎದ್ದರು.

ಕಡೆಗೆ ಲಾರಿ ಹೊರಟಾಗ ಭಾಗಪ್ಪ ತಲೆಯಾಡಿಸಿದ. "ಹೆಣ್ಮಕ್ಕಳನ್ನ ಹತ್ತಿಸಿಕೊಂಡ್ರ ಮಾಲಕ ಕೆಲಸದಿಂದ ತಗೀತಾನವ್ವಾ."

ಬಾನುಬಿ ಹೋಗಿ ಲಾರಿಯ ಮುಂದೆ ನಿಂತಳು.

"ಸರಿ ಮುದಕಿ! ಸಾಯಾಕ ನಂದ ಗಾಡಿ ಬೇಕೇನ ನಿನಗ?"

"ನಾ ಸಾಯಾಕ ನಿಂತಿಲ್ಲ. ನನ್ನ ಮಾತು ಕೇಳಿ ಇಕಿ ಗಂಡ ಸಾಯಾಕ ಕುಂತಾನ. ಹತ್ತಿಸಿಕೊಂಡ ಹೋಗು, ಇಲ್ಲಾಂದ್ರ ನನ್ನ ಮ್ಯಾಲ ಹಾಯಿಸಿ ಹೋಗು."

ಭಾಗಪ್ಪ ಬಾಗಿಲು ತೆರೆದ. ಪರಸವ್ವ ಹತ್ತಿ ಕುಳಿತ ಮೇಲೆ ಬಾನುಬಿ ಓಡುತ್ತ ಬಂದು ಕಿಟಕಿ ಹಿಡಿದು, "ಸುದ್ದಿ ಮುಟ್ಟಸ, ಹೆಂಗಾರ ಮಾಡಿ ಸುದ್ದಿ ಮುಟ್ಟಸ" ಎಂದಳು.

ಉಪ್ಪು ಹೊತ್ತ ಲಾರಿ ಏರಿನಲ್ಲಿ ತೆವಳುತ್ತಿತ್ತು. ಬಲಗಡೆ, ಟಿಕೋಟಾದ ದಿಕ್ಕಿನಲ್ಲಿ, ಸೂರ್ಯ ಎರೆಹೊಲದ ಅಂಚಿಗೆ ತಾಗಿದ್ದ. ಅಲ್ಲಿ ದರ್ಗಾದ ಮುಂದೆ ಜನ ಕೂಡುತ್ತಿರಬಹುದು. ಗುದ್ದಲಿ, ಹಾರೆ ಒಡ್ಡಿಗೆ ಆನಿಸಿ ಇಟ್ಟಿರಬಹುದು. ಜೀವಮಾನದಲ್ಲಿ ಮೊದಲ ಸಲ ಪರಸವ್ವ ಸೂರ್ಯನಿಗೆ, ಇನ್ನೊಂದೀಟು ನಿಲ್ಲಪ್ಪಾ ಎಂದು ಬೇಡಿಕೊಂಡಳು. ಅವನು ಮುಳುಗಿದ. ಶುಕ್ರವಾರ ಹತ್ತಿತು.

ಸಾರವಾಡದ ಹತ್ತಿರ ಲಾರಿಯಿಂದ ಡೋಣಿಯ ಕಡೆ ಇಳಿದಾಗ ಪೂರ್ತಿ ಕತ್ತಲೆ. ಅವಳು ಏನೋ ನೆನಪಾಗಿ ಮತ್ತೆ ಲಾರಿಯ ಹತ್ತಿರ ಬಂದಳು. "ಅಣ್ಣಾ, ಕಡ್ಡಿಪೆಟ್ಟಿಗಿ ಕೊಡು." ಕತ್ತಲಲ್ಲಿ ದಾರಿ ಕಾಣಲೆಂದು ಕೇಳಿದ್ದು. ಭಾಗಪ್ಪ ಬೀಡಿಯ ಕಟ್ಟಿನ ಜೊತೆಗಿದ್ದದ್ದನ್ನು ಬಿಡಿಸಿ ಕೊಟ್ಟ.

ಅಲ್ಲಿಂದ ದಂಡೆಗುಂಟ ಎರಡು ಮೈಲು. ಎರೆಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು. ಎರಡು ಸಲ ಬಿದ್ದಳು. ಎರಡನೆಯ ಸಲ ಏಳುವಾಗ ಬಳೆ ಒಡೆದದ್ದು ಗೊತ್ತಾಯಿತು. ಒಂದು ಕೈಯಿಂದ ಇನ್ನೊಂದು ಕೈಯನ್ನು ತಡವಿ, ಉಳಿದ ಬಳೆ ಎಷ್ಟೆಂದು ನೋಡುತ್ತ ಓಡಿದಳು.

ಬಂಡೆ ನಡುಹೊಳೆಯಲ್ಲಿ ಕಪ್ಪಾಗಿ ಕಾಣುತ್ತಿತ್ತು. ಅದರ ಮೇಲೆ ಇನ್ನೂ ಕಪ್ಪಗೆ ಒಂದು ಗುಪ್ಪೆ. ಬಲೆಯ ಹಗ್ಗವನ್ನು ಕಾಲಬೆರಳಿಗೆ ಸುತ್ತಿಕೊಂಡು ಕುಳಿತ ಅವಳ ಗಂಡ. ದಂಡೆಗೂ ಬಂಡೆಗೂ ನಡುವೆ ಆಳವಾದ ಮಡು. ಅವನಿಗೆ ಈಜು ಬರುತ್ತಿತ್ತು. ಅವಳಿಗೆ ಈಜು ಬರುತ್ತಿರಲಿಲ್ಲ.

"ಕೇಳ್ರಿ! ಎದ್ದ ಬರ್ರಿ! ನೀರ ಬರಾಕತ್ತೈತ್ರಿ!"

"ಶ್! ಯಾರದು? ಬಾಯಿ ಮುಚ್ಚು!"

"ನಾನ್ರೀ! ಕೆರಿ ಇವತ್ತ ಕಡದಾರ್ರಿ! ಇವತ್ತ!"

"ಇವತ್ತ ಬ್ಯಾಸ್ತಾರ, ಹುಚ್ಚೀ. ಶುಕ್ರಾರ ನಾಳಿ. ಮನಿಗೆ ಹೋಗು, ಮೀನು ಬೀಳಾಕತ್ತಾವ."

"ಅವರಿಗೆ ಹೊತ್ತು ಮುಳುಗಿದ್ರ ಶುಕ್ರಾರಂತ್ರಿ!"

"ಅವರಿಗೊಂದು ನಮಗೊಂದು ಇರ್ತೈತೇನ ಶುಕ್ರಾರ? ಹೋಗಂದೆ!" ಎಂದು ಅವನು ಬೆನ್ನು ತಿರುಗಿಸಿದ. ಅವನ ಹುರಿಯಲ್ಲಿ ಇಂದಿಗೊಂದು ಗಂಟು, ನಾಳೆಗೊಂದು ಗಂಟು. ನಡುವೆ ಇನ್ನೊಂದಕ್ಕೆ ಜಾಗವಿರಲಿಲ್ಲ. ಅವಳು ಮತ್ತೆ ಕೂಗಿದಾಗ ಅವನು ಬಲೆಯ ಹಗ್ಗವನ್ನು ಕಾಲಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡ.

ಪರಸವ್ವ ದಂಡೆಯ ಆಚೀಚೆ ನೋಡಿದಳು. ನೀರಿಗಿಳಿದರೆ ತಾನೂ ಸಾಯುತ್ತಾಳೆ, ಅವನೂ ಉಳಿಯುವುದಿಲ್ಲ. ಸ್ವಲ್ಪ ಮೇಲೆ, ಅಲ್ಲಿ ಹೊಲ ಮಾಡುವ ಅಮೋಘಿಯ ಗುಡಿಸಲು ಇತ್ತು. ಹೋಗಿ ನೋಡಿದರೆ ಬಾಗಿಲಿಗೆ ಹಗ್ಗ ಬಿಗಿದಿತ್ತು. ಅಮೋಘಿ ಊರಿಗೆ ಹೋಗಿದ್ದ. ಗುಡಿಸಲ ಪಕ್ಕದಲ್ಲಿ ಅವನ ಎತ್ತುಗಳ ಕಣಕಿಯ ಬಣವೆ. ಹೊಸ ಸುಗ್ಗಿಯವರೆಗೆ ಇರುವ ಮೇವು ಅದೊಂದೇ.

ಅವಳು ಬಣವೆ ನೋಡಿದಳು. ಮಡಿಲಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡ ಯಾವ ಮಾತಿಗೆ ಏಳುವುದಿಲ್ಲ, ಯಾವುದಕ್ಕೆ ಏಳುತ್ತಾನೆ ಎಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಜೀವ ಉಳಿಸಿಕೋ ಎಂದರೆ ಅವನು ಬರುವುದಿಲ್ಲ. ಬೆಳಕು ತೋರಿಸಿದವರನ್ನು ಬಡಿಯಲು ಬರುತ್ತಾನೆ.

ಮೊದಲ ಕಡ್ಡಿ ಆರಿತು. ಎರಡನೆಯದೂ ಆರಿತು. ಮೂರನೆಯದು ಒಣಗಿದ ಒಳಗಿನ ಎಲೆಗೆ ತಾಗಿ ಚಟಚಟ ಎಂದಿತು. ಒಂದು ಗಳಿಗೆಯಲ್ಲಿ ಬಣವೆ ಆಳೆತ್ತರ ಉರಿಯಿತು, ಹೊಳೆಯ ತುಂಬ ಬೆಳಕಾಯಿತು. ಬಂಡೆ, ಬಲೆ, ಗೂಟ, ಎಲ್ಲ ಹಗಲಿನಂತೆ ಕಂಡವು.

ಗೊಲ್ಲಾಳಪ್ಪ ಎದ್ದು ನಿಂತ. "ಯಾವಾಕಿಲೇ ಅದು! ಆರಸಲೇ!"

ಗಂಡನ ಹೆಸರನ್ನು ಮದುವೆಯಲ್ಲಿ ಒಡಪು ಹೇಳುವಾಗ ಒಂದೇ ಸಲ ಬಾಯಿಗೆ ತಂದಿದ್ದ ಪರಸವ್ವ, ಉರಿಯ ಮುಂದೆ ಸೊಂಟಕ್ಕೆ ಸೆರಗು ಬಿಗಿದು ನಿಂತಳು.

"ಆರಸೂದಿಲ್ಲಲೇ ಗೊಲ್ಲಾಳ್ಯಾ! ಗಂಡಸಾಗಿದ್ರ ಬಂದು ಆರಸು!"

ಅವನು ಧುಮುಕಿದ. ಕೈ ಬೀಸುತ್ತ, ಬೈಯುತ್ತ, ನೀರು ಉಗುಳುತ್ತ ಬಂದ. ದಂಡೆ ಹತ್ತಿ ಅವಳ ಜಡೆಗೆ ಕೈ ಹಾಕಲು ಬಂದಾಗ ಅವಳು ಓಡಿದಳು, ಹೊಲದ ಕಡೆ, ಏರಿಗೆ. ಬೈಯುತ್ತಲೇ ಓಡಿದಳು. ಅವನ ಅಪ್ಪನನ್ನು ಬೈದಳು, ಅವನ ಬಲೆಯನ್ನು ಬೈದಳು. ಏರಿಯ ಮೇಲೆ ಅವನು ಅವಳನ್ನು ಹಿಡಿದು ಕೈ ಎತ್ತಿದ. ಎತ್ತಿದ ಕೈ ಹಾಗೆಯೇ ನಿಂತಿತು.

ಪಶ್ಚಿಮದಿಂದ ಸಾವಿರ ಚಕ್ಕಡಿ ಒಮ್ಮೆಲೇ ಕಲ್ಲು ಹಾದಿಯಲ್ಲಿ ಹೊರಟಂತೆ ಸಪ್ಪಳ. ಉರಿಯ ಬೆಳಕಿನಲ್ಲಿ ಅವರು ನೋಡಿದರು. ಕೆಸರು ಬಣ್ಣದ ಒಂದು ಗೋಡೆ, ಅದರ ತಲೆಯ ಮೇಲೆ ಜಾಲಿ ಗಿಡಗಳು. ಮೊದಲು ಗೂಟ ಹೋದವು, ಬಲೆ ಹೋಯಿತು. ಆಮೇಲೆ ಬಂಡೆ ಇತ್ತೋ ಇಲ್ಲವೋ ಎನ್ನುವಂತಾಯಿತು.

"ನನ್ನ ಬಲಿ," ಎಂದು ಗೊಲ್ಲಾಳಪ್ಪ ಎರಡು ಹೆಜ್ಜೆ ಕೆಳಗಿಳಿದ. ಪರಸವ್ವ ಅವನ ಎರಡೂ ಕಾಲು ತಬ್ಬಿ ನೆಲಕ್ಕೆ ಕುಳಿತಳು. ಅವನು ಬಿಡಿಸಿಕೊಳ್ಳಲಿಲ್ಲ. ಅವಳ ಪಕ್ಕದಲ್ಲೇ ಅವನೂ ಕುಳಿತ.

ಸ್ವಲ್ಪ ಹೊತ್ತಿಗೆ ಅಮೋಘಿ ಊರ ಕಡೆಯಿಂದ ಬಡಿಗೆ ಹಿಡಿದು ಓಡಿಬಂದ. "ನನ್ನ ಬಣವಿಗೆ ಬೆಂಕಿ ಹಚ್ಚಿದವ ಯಾಂವಲೇ?"

"ನಾನ," ಎಂದ ಗೊಲ್ಲಾಳಪ್ಪ, ಹೆಂಡತಿ ಬಾಯಿ ತೆರೆಯುವ ಮೊದಲೇ.

ಬೆಳಕು ಕಂಡರೆ ಕಂದೀಲು ಒಡೆಯುವವನು ಬಣವೆಗೆ ಬೆಂಕಿ ಇಟ್ಟನೇ? ಅಮೋಘಿ ಅವನನ್ನು ನೋಡಿದ, ಹೊಳೆ ನೋಡಿದ, ಒಂದು ಕೈಯಲ್ಲಿ ಬಳೆಯೇ ಇಲ್ಲದೆ ಕುಳಿತವಳನ್ನು ನೋಡಿದ. ಬಡಿಗೆ ಕೆಳಗಿಟ್ಟ.

"ಎತ್ತಿಗೇನು ಹಾಕಲಿ ಅನ್ನೂದು ನಾಳಿ ನೋಡೂನು. ಹೆಂಗೂ ಉರ್ಯಾಕತ್ತೈತಿ, ಕಾಸ್ಕೊಳ್ರಿ. ತೊಯ್ದೀರಿ."

ಮೂವರೂ ಉರಿಯ ಸುತ್ತ ಕುಳಿತರು. ಗೊಲ್ಲಾಳಪ್ಪ ಒದ್ದೆಯಾದ ಹುರಿ ತೆಗೆದು ಕೊನೆಯ ಗಂಟನ್ನು ಬೆರಳಲ್ಲಿ ತಿರುವಿದ.

"ಬಾನುಬಿ ಹೇಳಿದ್ದು ಖರೇನ ಇತ್ತು," ಎಂದ.

"ಆಕಿಗೆ ನೀವು ಉಳದದ್ದು ಗೊತ್ತಿಲ್ರಿ. ತನ್ನ ಬಾಯಿಂದ ನೀವು ಸತ್ರಿ ಅಂತ ಕುಂತಿರ್ತಾಳ. ರಾತ್ರಿಯೆಲ್ಲ ಕಣ್ಣು ಮುಚ್ಚಿರಂಗಿಲ್ಲ."

"ಹಂಗಾರ ಮುಂಜಾನಿ ಮೊದಲನೇ ಬಸ್ಸಿಗೆ ನಾನೂ ಬರ್ತೇನಿ. ನೀ ಹೇಳಿದ್ರ ನಂಬಂಗಿಲ್ಲ. ನನ್ನ ನೋಡಲಿ."

ಮೂಡಲು ಕೆಂಪಾಗುವಾಗ ಅವರು ಎದ್ದರು. ಮೀನಿಲ್ಲ, ಬುಟ್ಟಿಯಿಲ್ಲ. ಬರಿಗೈಯಲ್ಲಿ ಇಬ್ಬರೂ ಬಸ್ಸಿನ ದಾರಿಯ ಕಡೆ ನಡೆದರು. ಹೊಳೆ ಇನ್ನೂ ದಂಡೆ ಕಡಿಯುತ್ತಲೇ ಇತ್ತು. ಸೂರ್ಯ ಮೇಲೆ ಬಂದ. ಈಗ ಬಬಲೇಶ್ವರದವರಿಗೂ ಬಾನುಬಿಗೂ ಶುಕ್ರವಾರವೇ.