ಹೈಮವತಿಯ ಓಟು

ವಿಜಯವಾಡದಲ್ಲಿ ಕಾರ್ಪೊರೇಷನ್ ಎಲೆಕ್ಷನ್ ಹತ್ತಿರವಾಗಿತ್ತು. ಆ ಕಾಲದಲ್ಲಿ ಓಟು ಹಾಕಲು ಇಪ್ಪತ್ತೊಂದು ತುಂಬಿರಬೇಕಿತ್ತು. ಬ್ಯಾಂಕಿನ ಶಂಕರಪ್ಪನವರ ಮಗಳು ಹೈಮವತಿಗೆ ಆಗಲೇ ಇಪ್ಪತ್ಮೂರು. ಆದರೆ ವರ ಹುಡುಕಲು ಶುರುಮಾಡಿದಂದಿನಿಂದ ತಾಯಿ ಅನಸೂಯಮ್ಮನವರ ಬಾಯಲ್ಲಿ ಅವಳು ಇಪ್ಪತ್ತು ದಾಟಿರಲೇ ಇಲ್ಲ.

ಓಟರ ಪಟ್ಟಿಗೆ ಹೆಸರು ಬರೆದುಕೊಳ್ಳಲು ದಕ್ಷಿಣಾಮೂರ್ತಿ ಮೇಷ್ಟ್ರು ಬಂದ ಹೊತ್ತಿಗೆ, ಎದುರುಮನೆಯ ರಾಜ್ಯಲಕ್ಷ್ಮಿ ತನ್ನ ತಮ್ಮನ ಜಾತಕ ಹಿಡಿದು ವರಾಂಡದಲ್ಲೇ ಕೂತಿದ್ದಳು.

"ಹುಡುಗಿಗೆ ಎಷ್ಟಮ್ಮಾ ವಯಸ್ಸು?" ಮೇಷ್ಟ್ರು ಕೇಳಿದರು.

ಅನಸೂಯಮ್ಮ ಇಂದ್ರಕೀಲಾದ್ರಿ ಬೆಟ್ಟದ ಕಡೆ ತಿರುಗಿ, ಅಲ್ಲಿನ ಅಮ್ಮನವರಿಗೆ ತಪ್ಪಾಯಿತೆಂದು ಮುಂಚಿತವಾಗಿಯೇ ಕೈಮುಗಿದು, "ಇಪ್ಪತ್ತು" ಅಂದರು.

"ಹಾಗಾದರೆ ಈ ಸಲ ಓಟಿಲ್ಲ."

ಹೈಮವತಿಯ ಮುಖ ಸಣ್ಣದಾಯಿತು. ಅಪ್ಪನ ಜೊತೆ ಹೋಗಿ ಓಟು ಹಾಕಬೇಕೆಂದು ವರ್ಷದಿಂದ ಕಾದಿದ್ದಳು. ಸುಮ್ಮನಿದ್ದರೆ ಓಟು ಹೋಗುತ್ತದೆ, ಬಾಯಿಬಿಟ್ಟರೆ ಅಮ್ಮನ ಮಾನ ಹೋಗುತ್ತದೆ. ಮೆಲ್ಲಗೆ ಕೇಳಿದಳು:

"ಮೇಷ್ಟ್ರೇ, ಎದುರುಮನೆಯವರ ಹೆಸರುಗಳು ಸರಿಯಾಗಿವೆಯಾ ಅಂತ ಒಂದ್ಸಲ ಓದಿಬಿಡಿ. ರಾಜ್ಯಲಕ್ಷ್ಮಿ ಅಕ್ಕಯ್ಯನೂ ಇಲ್ಲೇ ಇದ್ದಾರೆ."

ಮೇಷ್ಟ್ರು ಹಳೇ ಪಟ್ಟಿ ಬಿಚ್ಚಿ ಗಟ್ಟಿಯಾಗಿ ಓದಿದರು. "ಜಗನ್ಮೋಹನ್. ವಯಸ್ಸು ಮೂವತ್ತಾರು."

ಅನಸೂಯಮ್ಮನವರ ಕಣ್ಣು ಅಗಲವಾಯಿತು. "ಅಲ್ಲಾ ರಾಜ್ಯಲಕ್ಷ್ಮೀ, ನಿನ್ನ ತಮ್ಮನಿಗೆ ಇಪ್ಪತ್ತೆಂಟು ಅಂದೆಯಲ್ಲೇ!"

"ಅದು ಜಾತಕದಲ್ಲಿ ಕಣ್ರೀ," ಅಂದಳು ರಾಜ್ಯಲಕ್ಷ್ಮಿ, ಸೆರಗಿನ ತುದಿ ಬಾಯಿಗಿಟ್ಟುಕೊಂಡು. "ಸರ್ಕಾರದವರಿಗೆ ಸುಳ್ಳು ಹೇಳೋಕಾಗುತ್ತಾ?"

ಅನಸೂಯಮ್ಮ ನಗು ತಡೆಯಲಾಗದೆ ಮೇಷ್ಟ್ರ ಕಡೆ ತಿರುಗಿದರು. "ನಾನು ಹೇಳಿದ್ದೂ ಜಾತಕದ ಲೆಕ್ಕವೇ. ನೀವು ಇಪ್ಪತ್ಮೂರು ಅಂತ ಬರಕೊಳ್ಳಿ."

ಮೇಷ್ಟ್ರು ತಲೆ ಎತ್ತದೆ ಬರೆದರು. ಹೈಮವತಿ ಫಾರಮ್ಮಿಗೆ ಸಹಿ ಹಾಕಿ, ಎಲ್ಲರಿಗೂ ಕಾಫಿ ತರಲು ಒಳಗೆ ಓಡಿದಳು.