ಗೀರು ಬೀಳದ ಕೋಟು

“ಇಪ್ಪತ್ತಾರು ವರ್ಷದ ಕೋಟು ಅಂದ್ರೆ ಯಾರು ನಂಬ್ತಾರೆ, ಅತ್ತಿಗೆ? ನಾನು ತಗೊಂಡ ಸ್ವೆಟರು ಎರಡನೇ ಒಗೆತಕ್ಕೇ ಬೊಂಬೆಗೆ ತೊಡಿಸೋ ಹಾಗಾಯ್ತು,” ಎನ್ನುತ್ತ ನಾದಿನಿ ಬೂದು ಉಣ್ಣೆಯ ಕೋಟಿನ ಮೇಲೆ ಬ್ರಷ್ ಎಳೆಯುತ್ತಿದ್ದಳು. “ಮಗಳಿಗೆ ಇಟ್ಕೊಳ್ಳಿ. ಇಷ್ಟು ಬೆಲೆಬಾಳೋದನ್ನ ಮಣ್ಣಿಗೆ ಹಾಕೋದಾ?”

“ಅವರ ಜೊತೆ ಹೋಗ್ಲಿ.”

ನಿನ್ನೆ ಹನ್ನೊಂದು ಗಂಟೆಗೆ ಫೋನ್ ಬಂದಾಗಿನಿಂದ ಅವಳ ಬಾಯಿಂದ ಹೊರಟಿದ್ದು ಇಂಥ ಪುಟ್ಟ ಮಾತುಗಳೇ. ಅದೇ ದಿನ ಬೆಳಗ್ಗೆ ಊಟದ ಡಬ್ಬಿ ಮರೆತು, ಮತ್ತೆ ಬಂದು ತೆಗೆದುಕೊಂಡು ಹೋಗಿದ್ದ ಗಂಡ ಈಗ ನಡುಮನೆಯ ಪೆಟ್ಟಿಗೆಯಲ್ಲಿ ಮಲಗಿದ್ದ. ಅಳು ಎಲ್ಲೋ ದಾರಿ ತಪ್ಪಿತ್ತು. ಕೋಟಿನ ತೋಳು ನೇವರಿಸುವುದೊಂದೇ ಅವಳ ಕೈಗೆ ತಿಳಿದಿತ್ತು.

*

ಕೋಟು ಅವಳೇ ಕೊಡಿಸಿದ್ದು. ಅವನಿಗೆ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿದ ವಾರ, ಟೈಪಿಂಗ್ ಮಾಡಿ ಕೂಡಿಟ್ಟ ದುಡ್ಡು ಹಿಡಿದು, ಮೂರು ತಲೆಮಾರಿನಿಂದ ಕೋಟು ಹೊಲಿಯುತ್ತಿದ್ದ ಅಂಗಡಿಗೆ ಅವನನ್ನು ಎಳೆದುಕೊಂಡು ಹೋಗಿದ್ದಳು. ಬೆಲೆ ಕೇಳಿ ಅವನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟ.

“ಈ ದುಡ್ಡಿಗೆ ಸ್ಕೂಟರ್ ಬರುತ್ತೆ ಕಣೇ. ಅದನ್ನೇ ಹೊದ್ಕೊಂಡು ಓಡಾಡ್ತೀನಿ.”

“ವರ್ಷಕ್ಕೊಂದು ಅಗ್ಗದ್ದು ಹರಿಯೋದಕ್ಕಿಂತ ಇದೊಂದು ಸಾಕು. ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ,” ಎಂದವಳು ತಾನೇ ಕೊರಳಿನಿಂದ ಕೆಳಗಿನವರೆಗೆ ಏಳೂ ಗುಂಡಿ ಹಾಕಿ, “ಒಂದು ಗೀರು ಬಿತ್ತೋ, ಮನೆಗೆ ಸೇರಿಸಲ್ಲ” ಎಂದಿದ್ದಳು.

ದರ್ಜಿ ನಕ್ಕಿದ್ದ. ಗಂಡ ಮಾತ್ರ ಅಂದಿನಿಂದ ಬಸ್ಸಿನಲ್ಲಿ ಸೀಟು ಸಿಕ್ಕರೂ ಮೊಳೆ ಇದೆಯೇನೋ ಎಂದು ಸವರಿ ನೋಡಿಯೇ ಕೂರುತ್ತಿದ್ದ.

*

“ಅಣ್ಣ ಕೊನೇ ತನಕ ತಮಾಷೆ ಬಿಡಲಿಲ್ಲ, ಅಕ್ಕ,” ಎಂದ ಗಂಡನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನು, ಕೋಟು ಕಂಡದ್ದೇ. ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಅವನು ಬಂದಾಗಿನಿಂದ ಹುಡುಕುತ್ತಿದ್ದ. “ಎದೆ ಹಿಡ್ಕೊಂಡು ಬಿದ್ರು. ಬಾಗಿಲ ಹತ್ರ ತಂದು ಮಲಗಿಸಿದ್ವಿ. ಆಂಬುಲೆನ್ಸಿನ ಹುಡುಗಿ ಕತ್ತರಿ ತೆಗೆದ್ರೆ ಅಣ್ಣ ಅವಳ ಕೈ ಹಿಡ್ಕೊಂಡ್ರು. ‘ಕತ್ತರಿಸಬೇಡಮ್ಮ, ಬಿಚ್ಚು. ಗೀರು ಬಿದ್ರೆ ನಮ್ಮನೆಯವಳು ಮನೆಗೆ ಸೇರಿಸಲ್ಲ’ ಅಂದ್ರು. ನಾವೆಲ್ಲ ನಕ್ಕುಬಿಟ್ವಿ. ಇಷ್ಟು ಮಾತಾಡ್ತಾರಲ್ಲ, ಏನೂ ಆಗಿಲ್ಲ ಅಂದ್ಕೊಂಡ್ವಿ.”

ಅವಳ ಕೈ ತೋಳಿನ ಮೇಲೆ ನಿಂತಿತು.

“ಯಾರು ಬಿಚ್ಚಿದ್ದು?”

“ನಾನೇ. ಚಳಿಗೆ ಬೆರಳು ಮರಗಟ್ಟಿತ್ತು. ಗುಂಡಿಗಳೋ, ಬಿಗಿ ಅಂದ್ರೆ ಬಿಗಿ. ಐದನೇದು ಬಿಚ್ಚೋ ಹೊತ್ತಿಗೆ...”

ತಾನು ಆಡಿದ್ದು ಅವನ ಕಿವಿಗೆ ಬಿದ್ದದ್ದು ಆಗಲೇ. ಹಿಂದೆ ಸರಿದು ಗೋಡೆಗೆ ಆತುಕೊಂಡ. ನಾದಿನಿ ಬ್ರಷ್ ಕೆಳಗಿಟ್ಟಳು.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅತ್ತಿಗೆ,” ಎಂದಳು. “ಎರಡು ನಿಮಿಷದಲ್ಲಿ ಏನಾಗಿಬಿಡ್ತಿತ್ತು?”

ಹೊರಗೆ ಗಾಡಿಯವನು ಹಾರ್ನ್ ಒತ್ತಿದ.

“ಕೋಟು... ಏನ್ಮಾಡ್ಲಿ?” ಎಂದಳು ನಾದಿನಿ.

“ಹೊದಿಸು.” ಅವಳು ಪೆಟ್ಟಿಗೆಯತ್ತ ನೋಡುತ್ತಲೇ ಹೇಳಿದಳು. “ಗುಂಡಿ ಹಾಕಬೇಡ.”

ಪೆಟ್ಟಿಗೆ ಎತ್ತಲು ಗಂಡಸರು ಬಂದರು. ಗುಂಡಿ ಬಿಚ್ಚಿದವನು ಮಾತ್ರ ಗೋಡೆಗೆ ಅಂಟಿಕೊಂಡೇ ಇದ್ದ. ಅವಳು ಎದ್ದುಹೋಗಿ, ಮೊಣಕೈ ಹಿಡಿದು ಕರೆತಂದು, ಅವನನ್ನು ಪೆಟ್ಟಿಗೆಯ ತಲೆಯ ಕಡೆಯ ಮೂಲೆಗೆ ನಿಲ್ಲಿಸಿದಳು. ಭಾರ ಹೆಗಲಿಗೇರುತ್ತಿದ್ದಂತೆ, ಅಂದು ಬೆಳಗ್ಗೆಯಷ್ಟೇ ಫುಟ್‌ಪಾತಿನಲ್ಲಿ ಕೊಂಡ ಅವನ ಬಿಳಿ ಅಂಗಿ ಕಂಕುಳಲ್ಲಿ ಪರ್ರೆಂದು ಹರಿಯಿತು. ಅವಳು ಆ ಹರಕನ್ನು ಅಂಗೈಯಿಂದ ಮುಚ್ಚಿ ಹಿಡಿದು, ಅವನ ಪಕ್ಕದಲ್ಲೇ ಮೆಟ್ಟಿಲಿಳಿದಳು.